ಕೂಲ್‌ಗಾರ್ಡಿ: ಚಿನ್ನ ಸಿಕ್ಕ ಊರಿಗೆ ನೀರು ಯಾಕೆ ಸಿಗಲಿಲ್ಲ?

ಪಶ್ಚಿಮ ಆಸ್ಟ್ರೇಲಿಯಾದ ಕೂಲ್‌ಗಾರ್ಡಿಯ ಮುಖ್ಯ ಬೀದಿ ಆ ಊರಿನ ಅಳತೆಗೆ ಹೊಂದುವುದೇ ಇಲ್ಲ. ಊರಲ್ಲಿ ಇವತ್ತು ಸಾವಿರ ಜನವೂ ಇಲ್ಲ. ಬೀದಿ ಮಾತ್ರ ದೊಡ್ಡ ನಗರದ ರಾಜಬೀದಿಯಷ್ಟು ಅಗಲ. ಅದರ ಹೆಸರು ಬೇಯ್ಲಿ ಸ್ಟ್ರೀಟ್. ಇಷ್ಟು ಅಗಲ ಯಾಕೆ ಅಂದರೆ, ಒಂದರ ಹಿಂದೆ ಒಂದು ಕಟ್ಟಿದ ಒಂಟೆಗಳ ಸಾಲು ಆ ಬೀದಿಯಲ್ಲೇ ಸುತ್ತು ಹಾಕಿ ವಾಪಸ್ ತಿರುಗಬೇಕಿತ್ತು.

ಒಂಟೆ ಯಾಕೆ? ಕುದುರೆಗೆ, ಎತ್ತಿಗೆ ಕುಡಿಸುವಷ್ಟು ನೀರು ಅಲ್ಲಿರಲಿಲ್ಲ. ನೀರು ಯಾಕಿರಲಿಲ್ಲ? ಮರುಭೂಮಿ ಅಲ್ವಾ, ಅದಕ್ಕೇ ಅಂತ ಹೇಳಿ ಮುಗಿಸಬಹುದು. ಆದರೆ ಅಷ್ಟು ಹೇಳಿದರೆ ಏನೂ ಹೇಳಿದಂತೆ ಆಗುವುದಿಲ್ಲ. ಆ ಊರಿನ ಸುತ್ತ ಮರಳುಗುಡ್ಡೆಗಳಿಲ್ಲ, ಎತ್ತರದ ಮರಗಳಿವೆ. ನೆಲದ ಕೆಳಗೆ ನೀರೂ ಇದೆ. ಆದರೂ ಅಲ್ಲಿ ಜನ ಬಾಯಾರಿ ಸತ್ತರು.

ನಾನು ಕೋಲಾರದ ಕಡೆಯವನು, ಕೆಜಿಎಫ್ ಕಥೆಗಳನ್ನು ಕೇಳುತ್ತಲೇ ಬೆಳೆದೆ. ಚಿನ್ನದ ಊರು ಅಂದರೆ ಗಣಿಯ ಆಳ, ಕಂಪನಿ, ಕೂಲಿ, ಕೊನೆಗೆ ಮುಚ್ಚಿದ ಬಾಗಿಲು, ಇಷ್ಟೇ ನನ್ನ ತಲೆಯಲ್ಲಿತ್ತು. ಕೂಲ್‌ಗಾರ್ಡಿಯ ಬಗ್ಗೆ ಓದುತ್ತಾ ಹೋದ ಹಾಗೆ ಗೊತ್ತಾದದ್ದು ಬೇರೆ. ಆ ಊರಿನ ಕಥೆಯನ್ನು ಚಿನ್ನಕ್ಕಿಂತ ಜಾಸ್ತಿ ಅಲ್ಲಿನ ಹವಾಮಾನವೇ ಬರೆದಿದೆ.

ಮಳೆ ದಾರಿಯಲ್ಲೇ ಮುಗಿಯುತ್ತದೆ

ಕೂಲ್‌ಗಾರ್ಡಿ ಇರುವುದು ಪರ್ತ್ ನಗರದಿಂದ ಪೂರ್ವಕ್ಕೆ ಸುಮಾರು 550 ಕಿಲೋಮೀಟರ್ ದೂರದಲ್ಲಿ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 31 ಡಿಗ್ರಿ ಹತ್ತಿರ. ಈ 30 ಡಿಗ್ರಿ ಅನ್ನುವ ಸಂಖ್ಯೆ ಮುಖ್ಯ. ಭೂಮಧ್ಯರೇಖೆಯ ಹತ್ತಿರ ಬಿಸಿಯಾದ ಗಾಳಿ ಮೇಲಕ್ಕೆ ಏರುತ್ತದೆ. ಏರುವಾಗ ತಣ್ಣಗಾಗಿ ತನ್ನ ನೀರನ್ನೆಲ್ಲ ಮಳೆಯಾಗಿ ಅಲ್ಲೇ ಸುರಿದುಬಿಡುತ್ತದೆ. ಹೀಗೆ ಒಣಗಿದ ಗಾಳಿ ಮೇಲಿನಿಂದಲೇ ಧ್ರುವಗಳ ಕಡೆ ಸಾಗಿ, 30 ಡಿಗ್ರಿ ಆಸುಪಾಸಿನಲ್ಲಿ ಕೆಳಗೆ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಬಿಸಿಯಾಗುತ್ತಾ ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ಒಳನಾಡು ಒಣಗಿರುವುದಕ್ಕೆ ಮುಖ್ಯ ಕಾರಣ ಇದೇ.

ಆದರೂ ಕೂಲ್‌ಗಾರ್ಡಿಗೆ ಮಳೆಯೇ ಇಲ್ಲ ಅಂತಲ್ಲ. ವರ್ಷಕ್ಕೆ ಸರಾಸರಿ 260-270 ಮಿಲಿಮೀಟರ್ ಬೀಳುತ್ತದೆ. ಕರ್ನಾಟಕದಲ್ಲಿ ಬರಕ್ಕೆ ಹೆಸರಾದ ಚಳ್ಳಕೆರೆಯಲ್ಲೂ ಇದಕ್ಕಿಂತ ಜಾಸ್ತಿ ಮಳೆಯಾಗುತ್ತದೆ. ಅಲ್ಲಿ ಮಳೆ ಎರಡು ದಾರಿಯಿಂದ ಬರುತ್ತದೆ. ಚಳಿಗಾಲದಲ್ಲಿ, ಅಂದರೆ ನಮ್ಮ ಜೂನ್‌ನಿಂದ ಆಗಸ್ಟ್‌ವರೆಗೆ, ನೈಋತ್ಯದ ಸಮುದ್ರದಿಂದ ತಂಪು ಗಾಳಿಯ ಅಲೆಗಳು ಬರುತ್ತವೆ. ಅವು ಮೊದಲು ಕರಾವಳಿಗೆ, ಪರ್ತ್ ಹಿಂದಿನ ಗುಡ್ಡಗಳಿಗೆ, ಆಮೇಲೆ ಗೋಧಿ ಬೆಳೆಯುವ ಬಯಲಿಗೆ ಮಳೆ ಸುರಿಸುತ್ತವೆ. ಕೂಲ್‌ಗಾರ್ಡಿ ತಲುಪುವಷ್ಟರಲ್ಲಿ ಉಳಿಯುವುದು ತುಂತುರು. ನಮ್ಮಲ್ಲಿ ಮುಂಗಾರು ಪಶ್ಚಿಮಘಟ್ಟದಲ್ಲಿ ಸುರಿದು ಬಯಲುಸೀಮೆಗೆ ಬರುವಾಗ ಬರಿಗೈಯಾಗುತ್ತದಲ್ಲ, ಹೆಚ್ಚು ಕಡಿಮೆ ಹಾಗೆಯೇ.

ಬೇಸಿಗೆಯ ಮಳೆ ಇನ್ನೊಂದು ರೀತಿ. ಒಂದು ಗುಡುಗಿನ ಮಳೆ ಈ ಗುಡ್ಡಕ್ಕೆ ಬಿದ್ದರೆ ಪಕ್ಕದ ಗುಡ್ಡ ಒಣಗಿಯೇ ಇರುತ್ತದೆ. ಅಪರೂಪಕ್ಕೆ ವಾಯುವ್ಯ ಕರಾವಳಿಗೆ ಬಡಿದ ಚಂಡಮಾರುತದ ಉಳಿದ ಮೋಡಗಳು ನೂರಾರು ಕಿಲೋಮೀಟರ್ ಒಳಗೆ ಬಂದು ತಿಂಗಳುಗಟ್ಟಲೆ ಬೀಳಬೇಕಾದ ಮಳೆಯನ್ನು ಒಂದೆರಡು ದಿನದಲ್ಲಿ ಸುರಿದು ಹೋಗುತ್ತವೆ. 1995ರ ಫೆಬ್ರವರಿಯಲ್ಲಿ ಬಾಬಿ ಚಂಡಮಾರುತ ಈ ಗಣಿನಾಡಿಗೆ ಹಾಗೆ ಬಂದಿತ್ತು. ಹಾಗಾಗಿ ಸರಾಸರಿ ಅಂಕಿಯನ್ನು ನಂಬಿ ಅಲ್ಲಿ ಬದುಕಲು ಆಗುವುದಿಲ್ಲ. ಒಂದು ವರ್ಷ ನೆರೆ, ಮುಂದಿನ ವರ್ಷ ಬರಗಾಲ.

ಬಿಸಿಲಿನ ವಿಷಯ. ಜನವರಿಯಲ್ಲಿ ಹಗಲಿನ ಸರಾಸರಿ 33 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಒಳನಾಡಿನಿಂದ ಪೂರ್ವದ ಗಾಳಿ ಬೀಸಿದ ದಿನ 40 ದಾಟುತ್ತದೆ. ಸಂಜೆ ದಕ್ಷಿಣದ ಕರಾವಳಿಯಿಂದ ತಂಪು ಗಾಳಿ ಬಂದರೆ ಜನ ಉಸಿರು ಬಿಡುತ್ತಾರೆ. ಆ ಗಾಳಿಗೆ ಅಲ್ಲಿನವರು ಪ್ರೀತಿಯಿಂದ ‘ಎಸ್ಪೆರೆನ್ಸ್ ಡಾಕ್ಟರ್’ ಅನ್ನುತ್ತಾರೆ. ಎಸ್ಪೆರೆನ್ಸ್ ಅನ್ನುವುದು ದಕ್ಷಿಣದ ಒಂದು ಬಂದರು. ಜುಲೈ ರಾತ್ರಿಗಳಲ್ಲಿ ಮಾತ್ರ 5 ಡಿಗ್ರಿ ಹತ್ತಿರಕ್ಕೆ ಇಳಿದು, ಕೆಲವು ಬೆಳಿಗ್ಗೆ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಗಾಳಿ ಎಷ್ಟು ಒಣ ಅಂದರೆ, ತೆರೆದ ತೊಟ್ಟಿಯಲ್ಲಿ ನೀರಿಟ್ಟರೆ ವರ್ಷಕ್ಕೆ ಎರಡು ಮೀಟರ್‌ಗಿಂತ ಜಾಸ್ತಿ ಆವಿಯಾಗಿ ಹೋಗುತ್ತದೆ. ಬೀಳುವುದು ಕಾಲು ಮೀಟರ್, ಹಾರಿಹೋಗುವುದು ಎರಡು ಮೀಟರ್. ಕೆರೆ ಕಟ್ಟಿದರೂ ಬಿಸಿಲೇ ಕುಡಿದುಬಿಡುತ್ತದೆ.

ಮರ ಇದೆ, ನೀರೂ ಇದೆ, ಕುಡಿಯುವ ಹಾಗಿಲ್ಲ

ಇಷ್ಟು ಕಡಿಮೆ ಮಳೆಯಲ್ಲೂ ಕೂಲ್‌ಗಾರ್ಡಿಯ ಸುತ್ತ ಸಾಲ್ಮನ್ ಗಮ್ ಅನ್ನುವ ನೀಲಗಿರಿ ಜಾತಿಯ ಎತ್ತರದ ಮರಗಳಿವೆ. ಬೇಸಿಗೆಯ ಕೊನೆಗೆ ಅವುಗಳ ತೊಗಟೆ ಕಿತ್ತಳೆ ಬೆರೆತ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಈ ಕಾಡು ಸುಮಾರು 1.6 ಕೋಟಿ ಹೆಕ್ಟೇರ್ ಹಬ್ಬಿದೆ. ಸಮಶೀತೋಷ್ಣ ವಲಯದಲ್ಲಿ ಕೆಡದೆ ಉಳಿದಿರುವ ಈ ಬಗೆಯ ಬಯಲುಕಾಡುಗಳಲ್ಲಿ ಇದೇ ಭೂಮಿಯ ಮೇಲೆ ದೊಡ್ಡದು. ಮರಗಳು ಬೇರನ್ನು ಆಳಕ್ಕೆ ಇಳಿಸಿ, ಜೇಡಿಮಣ್ಣು ಹಿಡಿದಿಟ್ಟುಕೊಂಡ ಹನಿ ಹನಿಯನ್ನೂ ಹೀರುತ್ತವೆ. ಚಳಿಗಾಲದ ತುಂತುರು ಬೇಗ ಆವಿಯಾಗುವುದಿಲ್ಲ, ಅದೂ ಅವುಗಳಿಗೆ ಅನುಕೂಲ.

ಹಾಗಾದರೆ ಬಾವಿ ತೋಡಿದರೆ ಆಗುತ್ತಿರಲಿಲ್ಲವೇ? ತೋಡಿದರು. ನೀರು ಸಿಕ್ಕಿತು. ಅದು ಉಪ್ಪು. ಹಲವು ಕಡೆ ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪು.

ಇದರ ಕಾರಣ ನನಗೆ ತುಂಬಾ ಕುತೂಹಲದ್ದು ಅನಿಸಿತು. ಸಮುದ್ರದ ಕಡೆಯಿಂದ ಬರುವ ಪ್ರತಿ ಮಳೆಯಲ್ಲೂ ಒಂದು ಚಿಟಿಕೆ ಉಪ್ಪು ಇರುತ್ತದೆ. ನಮ್ಮಲ್ಲಿ ಅದು ಹಳ್ಳ, ಹೊಳೆ ಸೇರಿ ಮತ್ತೆ ಸಮುದ್ರಕ್ಕೆ ಹೋಗಿಬಿಡುತ್ತದೆ. ಕೂಲ್‌ಗಾರ್ಡಿ ಸೀಮೆಯಲ್ಲಿ ಸಮುದ್ರ ಸೇರುವ ಹೊಳೆಯೇ ಇಲ್ಲ. ನೆಲ ಬಹಳ ಹಳೆಯದು, ಸವೆದು ಸವೆದು ಚಪ್ಪಟೆಯಾಗಿದೆ. ಬಿದ್ದ ನೀರನ್ನು ಮರಗಳು ಕುಡಿಯುತ್ತವೆ, ಬಿಸಿಲು ಕುಡಿಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದಿದೆ. ಒಂದು ಕಾಲದಲ್ಲಿ ಹರಿದಿದ್ದ ನದಿಗಳ ಜಾಡಿನಲ್ಲಿ ಇವತ್ತು ಬಿಳಿ ಉಪ್ಪಿನ ಕೆರೆಗಳ ಸರಮಾಲೆ ಇದೆ.

ಅದೇ ಕಾರಣಕ್ಕೆ ಚಿನ್ನವೂ ಅಲ್ಲೇ ಉಳಿಯಿತು! ಅಲ್ಲಿನ ಬಂಡೆ ಸುಮಾರು 270 ಕೋಟಿ ವರ್ಷ ಹಳೆಯ ಹಸಿರುಶಿಲೆ. ನಮ್ಮ ಕೋಲಾರದ ಚಿನ್ನ ಇರುವ ಶಿಲಾಪಟ್ಟಿಯೂ ಇದೇ ಬಗೆಯದು, ಅದೇ ಪ್ರಾಚೀನ ಯುಗದ್ದು. ಬಂಡೆ ಸವೆದಾಗ ಹಗುರವಾದ ಮಣ್ಣು ಗಾಳಿಗೆ ಹೋಯಿತು, ಭಾರದ ಚಿನ್ನ ನೆಲದ ಮೇಲೆ ಉಳಿಯಿತು. ಕೊಚ್ಚಿಕೊಂಡು ಹೋಗಲು ನದಿ ಇರಲಿಲ್ಲ. ಮೇಲಿನ ಪದರದಲ್ಲಿ ಉಪ್ಪುನೀರು ಚಿನ್ನವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹತ್ತಿರದಲ್ಲೇ ಮತ್ತೆ ಗಟ್ಟಿ ಮಾಡುತ್ತಾ ಬಂತು. ಹಾಗಾಗಿ ನೆಲದ ಮೇಲುಭಾಗ ಕೆಳಭಾಗಕ್ಕಿಂತ ಶ್ರೀಮಂತವಾಗಿ ಕಾಣುವ ಜಾಗಗಳು ಅಲ್ಲಿ ಬೇಕಾದಷ್ಟು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಊರು ಯಾಕೆ ಕುಸಿಯಿತು ಅನ್ನುವಾಗ ಬೇಕಾಗುತ್ತದೆ.

ಈ ನೆಲದಲ್ಲಿ ಸಾವಿರಾರು ವರ್ಷ ಬದುಕಿದ ಮೂಲನಿವಾಸಿಗಳಿಗೆ ಸಿಹಿನೀರು ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು. ಕಗ್ಗಲ್ಲಿನ ಬಂಡೆಗಳ ಮೇಲಿನ ಗುಳಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಅವಕ್ಕೆ ಅಲ್ಲಿ ‘ನ್ಯಾಮಾ’ ಅನ್ನುತ್ತಾರೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿರುವ ದೊಣೆಗಳು ನೆನಪಿದ್ದರೆ ಸಾಕು, ಅದೇ. ಅವರು ಅದರ ಬಾಯಿಗೆ ಚಪ್ಪಡಿ ಮುಚ್ಚಿ ಬಿಸಿಲಿನಿಂದಲೂ ಪ್ರಾಣಿಗಳಿಂದಲೂ ಕಾಪಾಡುತ್ತಿದ್ದರು. ಒಂದು ದೊಣೆಯ ನೀರು ಒಂದು ಸಣ್ಣ ಗುಂಪಿಗೆ ಸಾಕಾಗುತ್ತಿತ್ತು. ಸಾವಿರಾರು ಜನ, ಅವರ ಕುದುರೆ, ಒಂಟೆ ಬಂದಾಗ ಅದು ಎಷ್ಟು ದಿನ ಬರುತ್ತದೆ? ಹೊಸಬರ ಚಿನ್ನದ ಹುಡುಕಾಟ ಮೊದಲು ಬರಿದು ಮಾಡಿದ್ದು ಹಳಬರ ನೀರನ್ನು. ಈ ನೋವನ್ನು ಊರಿನ ಇತಿಹಾಸದಲ್ಲಿ ಮೊದಲ ಸಾಲಿನಲ್ಲೇ ಬರೆಯಬೇಕು ಅಂತ ನನಗೆ ಅನಿಸುತ್ತದೆ.

554 ಔನ್ಸ್

1892ರ ಸೆಪ್ಟೆಂಬರ್ 17ರಂದು ಆರ್ಥರ್ ಬೇಯ್ಲಿ ಅನ್ನುವವನು ಸದರ್ನ್ ಕ್ರಾಸ್ ಊರಿಗೆ ಕುದುರೆ ಮೇಲೆ ಬಂದ. ಅವನ ಜೊತೆ 554 ಔನ್ಸ್ ಚಿನ್ನ ಇತ್ತು, ಹೆಚ್ಚು ಕಡಿಮೆ 17 ಕಿಲೋ. ಅವನೂ ಅವನ ಜೊತೆಗಾರ ವಿಲಿಯಂ ಫೋರ್ಡ್ ಕೂಡ ಅದನ್ನು ಪೂರ್ವಕ್ಕೆ ಸುಮಾರು 190 ಕಿಲೋಮೀಟರ್ ದೂರದ ಫ್ಲೈ ಫ್ಲಾಟ್ ಅನ್ನುವ ಬಯಲಿನಲ್ಲಿ ಹೆಕ್ಕಿದ್ದರು. ಸುದ್ದಿ ಹಬ್ಬಿದ ಕೂಡಲೇ ಸದರ್ನ್ ಕ್ರಾಸ್‌ನ ಗಣಿ ಕೆಲಸಗಾರರು ಕೆಲಸ ಬಿಟ್ಟು ಹೊರಟರು. ಆಮೇಲೆ ಆಸ್ಟ್ರೇಲಿಯಾದ ಪೂರ್ವದ ನಗರಗಳಿಂದ, ಇಂಗ್ಲೆಂಡಿನಿಂದ ಜನ ಬಂದರು. ಆರೇಳು ವರ್ಷದಲ್ಲಿ ಕೂಲ್‌ಗಾರ್ಡಿ ಪರ್ತ್, ಫ್ರೀಮ್ಯಾಂಟಲ್ ಬಿಟ್ಟರೆ ಆಗ ಬ್ರಿಟಿಷ್ ವಸಾಹತಾಗಿದ್ದ ಪಶ್ಚಿಮ ಆಸ್ಟ್ರೇಲಿಯಾದ ಮೂರನೇ ದೊಡ್ಡ ಊರು. ಇಪ್ಪತ್ತಕ್ಕಿಂತ ಜಾಸ್ತಿ ಹೋಟೆಲು, ಬಿಯರ್ ತಯಾರಿಸುವ ಕಾರ್ಖಾನೆಗಳು, ಹಲವು ಪತ್ರಿಕೆಗಳು.

ಚಿನ್ನ ಬೇರ್ಪಡಿಸುವ ರೀತಿಯನ್ನೂ ಹವಾಮಾನವೇ ತೀರ್ಮಾನಿಸಿತು. ಬೇರೆ ಕಡೆ ಚಿನ್ನ ಹುಡುಕುವವರು ಬಾಣಲೆಯಲ್ಲಿ ಮಣ್ಣು ಹಾಕಿ ನೀರಿನಲ್ಲಿ ಗಾಳಿಸುತ್ತಾರೆ. ಇಲ್ಲಿ ನೀರೇ ಇಲ್ಲ. ಆದ್ದರಿಂದ ಗಾಳಿಗೆ ತೂರಿದರು. ಒಂದು ತಟ್ಟೆಯಲ್ಲಿ ಪುಡಿಮಣ್ಣು ತುಂಬಿ, ತಲೆಯ ಎತ್ತರಕ್ಕೆ ಹಿಡಿದು, ಕೆಳಗಿಟ್ಟ ಇನ್ನೊಂದು ತಟ್ಟೆಗೆ ಸುರಿಯುವುದು. ಧೂಳು ಹಾರಿಹೋಗುತ್ತದೆ, ಚಿನ್ನ ನೇರ ಕೆಳಗೆ ಬೀಳುತ್ತದೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಸಾವಿರಾರು ಜನ ಹೀಗೆ ತೂರಿದಾಗ ಇಡೀ ಬಯಲಿನ ಮೇಲೆ ಕೆಂಧೂಳು ಕವಿದಿರುತ್ತಿತ್ತು. 1897ರಲ್ಲಿ ಇಲ್ಲಿಗೆ ಬಂದ ಒಬ್ಬ ಅಮೆರಿಕದ ಯುವ ಎಂಜಿನಿಯರ್ ಈ ಸೀಮೆಯ ಕೆಂಪು ಧೂಳು, ಕಪ್ಪು ನೊಣ, ಸುಡುವ ಬಿಸಿಲನ್ನು ಬಾಳೆಲ್ಲ ಮರೆಯಲಿಲ್ಲ. ಅವನ ಹೆಸರು ಹರ್ಬರ್ಟ್ ಹೂವರ್. ಮುಂದೆ 1929ರಲ್ಲಿ ಅಮೆರಿಕದ ಅಧ್ಯಕ್ಷನಾದ.

ಸಾಮಾನು ಹೊತ್ತು ತಂದದ್ದು ಒಂಟೆಗಳು, ಒಂಟೆಗಳನ್ನು ನಡೆಸಿದ್ದು ‘ಅಫ್ಘನ್ನರು’. ಎಲ್ಲರನ್ನೂ ಹಾಗೇ ಕರೆದರು, ಆದರೆ ಅವರಲ್ಲಿ ಅನೇಕರು ಆಗಿನ ಹಿಂದೂಸ್ಥಾನದವರೇ: ಬಲೂಚಿಸ್ತಾನ, ಸಿಂಧ್, ಪಂಜಾಬ್ ಕಡೆಯವರು. 1896ರ ಮಾರ್ಚ್‌ನಲ್ಲಿ ರೈಲು ಬರುವ ತನಕ ಊರಿನ ಹಿಟ್ಟು, ಸಕ್ಕರೆ, ಯಂತ್ರದ ಬಿಡಿಭಾಗ, ಕೆಲವೊಮ್ಮೆ ನೀರು ಕೂಡ ಅವರ ಒಂಟೆಗಳ ಬೆನ್ನ ಮೇಲೆಯೇ ಬಂದದ್ದು. ರೈಲು ಬಂದ ಮೇಲೂ ದೂರದ ಗಣಿಗಳಿಗೆ ಅವರೇ ಬೇಕಿತ್ತು. ಆದರೂ ಬಿಳಿಯರು ಅವರನ್ನು ಸಮಾನರಂತೆ ನಡೆಸಿಕೊಳ್ಳಲಿಲ್ಲ. ನೀರಿನ ಹೊಂಡಗಳ ಬಳಿ ಜಗಳಗಳಾದವು.

ಕಾಯಿಲೆಯ ಮೂಲವೂ ನೀರಿನ ಕೊರತೆಯೇ. ಕೈ ತೊಳೆಯಲು ನೀರಿಲ್ಲ, ಚರಂಡಿ ಇಲ್ಲ, ನೊಣಗಳು ಲೆಕ್ಕವಿಲ್ಲದಷ್ಟು, ಡೇರೆಗಳು ಒತ್ತೊತ್ತಾಗಿ. ಬೇಸಿಗೆ ಬಂದಾಗಲೆಲ್ಲ ಟೈಫಾಯಿಡ್ ಹಬ್ಬಿತು. ಊರಿನ ಹಳೆಯ ಸ್ಮಶಾನದಲ್ಲಿ ಮಲಗಿರುವವರಲ್ಲಿ ಬಹಳ ಮಂದಿ ಇಪ್ಪತ್ತು ಮೂವತ್ತರ ಹರೆಯದವರು. 1875ರಲ್ಲಿ ಒಂಟೆಗಳ ಜೊತೆ ಆಸ್ಟ್ರೇಲಿಯಾದ ಮರುಭೂಮಿಯನ್ನು ದಾಟಿದ ಅನ್ವೇಷಕ ಅರ್ನೆಸ್ಟ್ ಗೈಲ್ಸ್ ಕೊನೆಗಾಲದಲ್ಲಿ ಇಲ್ಲೇ ಗುಮಾಸ್ತನಾಗಿದ್ದು, 1897ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಅವನ ಸಮಾಧಿಯೂ ಈ ಊರಿನಲ್ಲೇ ಇದೆ.

ಕುದಿಸಿದ ನೀರು, ಒದ್ದೆ ಗೋಣಿ

ಕುಡಿಯುವ ನೀರಿಗೆ ಜನ ಕಂಡುಕೊಂಡ ದಾರಿ ಕಂಡೆನ್ಸರ್. ಉಪ್ಪುನೀರನ್ನು ದೊಡ್ಡ ಕಬ್ಬಿಣದ ತೊಟ್ಟಿಯಲ್ಲಿ ಸೌದೆ ಹಾಕಿ ಕುದಿಸುವುದು. ಆವಿಯನ್ನು ಉದ್ದದ ತಗಡಿನ ಕೊಳವೆಗಳಲ್ಲಿ ಹಾಯಿಸುವುದು. ಗಾಳಿಗೆ ತಣ್ಣಗಾದ ಆವಿ ನೀರಾಗಿ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ, ಉಪ್ಪು ಹಿಂದೆಯೇ ಉಳಿಯುತ್ತದೆ. ಕೇಳಲು ಸುಲಭ. ಆದರೆ ನೀರಿಗೆ ಒಂದು ಗುಣ ಇದೆ. ಹಿಮದಷ್ಟು ತಣ್ಣನೆಯ ನೀರನ್ನು ಕುದಿಯುವ ಹಂತಕ್ಕೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಅದರ ಐದು ಪಟ್ಟಿಗಿಂತ ಜಾಸ್ತಿ ಬೇಕು. ಅಂದರೆ ಒಂದೊಂದು ಬಿಂದಿಗೆ ನೀರಿಗೂ ರಾಶಿ ಸೌದೆ. ನೀರಿನ ಬೆಲೆ ಗ್ಯಾಲನ್‌ಗೆ ಶಿಲಿಂಗ್‌ಗಳ ಲೆಕ್ಕಕ್ಕೆ ಏರಿದ್ದು ಇದಕ್ಕೇ. ಊರಿನ ಸುತ್ತಲಿನ ಸಾಲ್ಮನ್ ಗಮ್ ಮರಗಳು ಕೊಡಲಿಗೆ ಬಿದ್ದದ್ದೂ ಇದಕ್ಕೇ. ಕಂಡೆನ್ಸರ್‌ಗೆ ಸ್ವಲ್ಪ, ಗಣಿಯ ಬಾಯ್ಲರ್‌ಗೆ ಸ್ವಲ್ಪ, ಸುರಂಗಕ್ಕೆ ಆನಿಸುವ ಕಂಬಕ್ಕೆ ಸ್ವಲ್ಪ ಅಂತ ಕಾಡು ದೂರ ದೂರ ಸರಿಯಿತು.

ನೀರಿನ ಅದೇ ಗುಣ ಇನ್ನೊಂದು ಕಡೆ ಜನರ ಕೈ ಹಿಡಿಯಿತು. 1890ರ ದಶಕದಲ್ಲಿ ಆರ್ಥರ್ ಮೆಕಾರ್ಮಿಕ್ ಅನ್ನುವವನು ಇಲ್ಲಿ ಒಂದು ಸರಳ ಪೆಟ್ಟಿಗೆ ಮಾಡಿದ. ಚೌಕಟ್ಟಿನ ಸುತ್ತ ಗೋಣಿಬಟ್ಟೆ, ಮೇಲೆ ನೀರು ತುಂಬಿದ ತಟ್ಟೆ. ತಟ್ಟೆಯಿಂದ ಬಟ್ಟೆಯ ಪಟ್ಟಿಗಳು ನೀರನ್ನು ಕೆಳಗೆ ಎಳೆದು ಗೋಣಿಯನ್ನು ಸದಾ ಒದ್ದೆಯಾಗಿಡುತ್ತವೆ. ಗೋಣಿಯ ನೀರು ಆವಿಯಾಗಲು ಬೇಕಾದ ಶಾಖವನ್ನು ಪೆಟ್ಟಿಗೆಯ ಒಳಗಿನಿಂದಲೇ ಕಿತ್ತುಕೊಳ್ಳುತ್ತದೆ. ಒಳಗಿಟ್ಟ ಬೆಣ್ಣೆ, ಮಾಂಸ, ಹಾಲು ತಂಪಾಗಿರುತ್ತವೆ. ನಮ್ಮ ಮಣ್ಣಿನ ಹೂಜಿ, ಲಾವಂಚದ ತಡಿಕೆ ಮಾಡುವ ಕೆಲಸವೂ ಇದೇ.

ಇದು ಎಷ್ಟು ತಂಪು ಮಾಡುತ್ತದೆ ಅನ್ನುವುದು ಗಾಳಿಯ ಮೇಲೆ ನಿಂತಿದೆ. 38 ಡಿಗ್ರಿ ಬಿಸಿಲಿನಲ್ಲಿ ತೇವಾಂಶ ನೂರಕ್ಕೆ 15ರಷ್ಟೇ ಇದ್ದರೆ ಒದ್ದೆ ಬಟ್ಟೆ ಸುಮಾರು 20 ಡಿಗ್ರಿವರೆಗೆ ಇಳಿಯಬಲ್ಲದು. ಅದೇ ಮಂಗಳೂರಿನ ಸೆಕೆಯಲ್ಲಿ, 33 ಡಿಗ್ರಿ ಮತ್ತು ನೂರಕ್ಕೆ 70 ತೇವಾಂಶ ಇರುವಾಗ, 28ಕ್ಕಿಂತ ಕೆಳಗೆ ಹೋಗುವುದು ಕಷ್ಟ. ಕೂಲ್‌ಗಾರ್ಡಿಯ ಒಣಗಾಳಿ ಜನರನ್ನು ಹಿಂಡಿತು, ನಿಜ. ಆದರೆ ಈ ಪೆಟ್ಟಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೂ ಆ ಒಣಗಾಳಿಯಿಂದಲೇ. ‘ಕೂಲ್‌ಗಾರ್ಡಿ ಸೇಫ್’ ಅನ್ನುವ ಹೆಸರಿನಲ್ಲಿ ಅದು ಆಸ್ಟ್ರೇಲಿಯಾದ ಹಳ್ಳಿ ಮನೆಗಳಲ್ಲಿ ಫ್ರಿಜ್ ಬರುವ ತನಕ ಉಳಿಯಿತು.

ಪೈಪು ಬಂತು, ಚಿನ್ನ ಹೋಗಿತ್ತು

ಸೌದೆ ಸುಟ್ಟು ಒಂದು ನಗರಕ್ಕೆ ನೀರು ಕುಡಿಸಲು ಆಗುವುದಿಲ್ಲ. 1896ರಲ್ಲಿ ವಸಾಹತಿನ ಮುಖ್ಯ ಎಂಜಿನಿಯರ್ ಸಿ. ವೈ. ಓಕಾನರ್ ಒಂದು ಯೋಜನೆ ಮುಂದಿಟ್ಟರು. ಪರ್ತ್ ಹತ್ತಿರ ಮಂಡೇರಿಂಗ್‌ನಲ್ಲಿ ಹೆಲೆನಾ ನದಿಗೆ ಅಣೆಕಟ್ಟು ಕಟ್ಟುವುದು. ಅಂದರೆ ಮಳೆ ಎಲ್ಲಿ ಧಾರಾಳವಾಗಿ ಬೀಳುತ್ತದೋ ಅಲ್ಲೇ ಹಿಡಿಯುವುದು. ಅಲ್ಲಿಂದ 30 ಇಂಚು ಅಗಲದ ಉಕ್ಕಿನ ಪೈಪಿನಲ್ಲಿ 500 ಕಿಲೋಮೀಟರ್‌ಗೂ ಹೆಚ್ಚು ದೂರ, 300 ಮೀಟರ್‌ಗಿಂತ ಎತ್ತರಕ್ಕೆ, ದಿನಕ್ಕೆ 50 ಲಕ್ಷ ಗ್ಯಾಲನ್ ಸಾಗಿಸುವುದು. ಅಂದರೆ ಸುಮಾರು 2.3 ಕೋಟಿ ಲೀಟರ್.

ಒಂದೇ ಪಂಪಿನಿಂದ ಅಷ್ಟು ದೂರ ತಳ್ಳಲು ಹೋದರೆ ಪೈಪು ಒಡೆದುಹೋಗುತ್ತದೆ. ಆದ್ದರಿಂದ ದಾರಿಯಲ್ಲಿ ಎಂಟು ಉಗಿ ಪಂಪುಮನೆಗಳು. ಪ್ರತಿಯೊಂದೂ ನೀರನ್ನು ಮುಂದಿನ ತೊಟ್ಟಿಗೆ ಮಾತ್ರ ತಲುಪಿಸುತ್ತದೆ. ಕೊನೆಯ ದೊಡ್ಡ ತೊಟ್ಟಿ ಬುಲ್ಲಾ ಬುಲ್ಲಿಂಗ್‌ನಲ್ಲಿ, ಅಲ್ಲಿಂದ ಮುಂದೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಬೇಕಾದ ಪೈಪುಗಳು ಸುಮಾರು 60 ಸಾವಿರ. ರಿವೆಟ್ ಹೊಡೆದ ಪೈಪು ಸೋರುತ್ತದೆ ಅಂತ, ಅಂಚುಗಳನ್ನು ಒಂದು ಉಕ್ಕಿನ ಪಟ್ಟಿಯೊಳಗೆ ಒತ್ತಿ ಬಿಗಿಯುವ ಮೆಫನ್ ಫರ್ಗೂಸನ್ ಅವರ ಹೊಸ ಪೈಪನ್ನು ಬಳಸಿದರು. ಖರ್ಚಿಗೆ 25 ಲಕ್ಷ ಪೌಂಡ್ ಸಾಲ. ವಸಾಹತಿನ ಪ್ರೀಮಿಯರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥ ಜಾನ್ ಫಾರೆಸ್ಟ್ ಬೆನ್ನಿಗೆ ನಿಂತರು.

ವಿರೋಧ ಬಹಳ ಇತ್ತು. ನೀರು ಅಷ್ಟು ದೂರ ಹೋಗುವುದೇ ಇಲ್ಲ ಅಂದರು, ಭ್ರಷ್ಟಾಚಾರದ ಆರೋಪ ಹೊರಿಸಿದರು, ಪತ್ರಿಕೆಯಲ್ಲಿ ವಾರವಾರವೂ ಬೈದರು. ಕೆಲಸ ಮುಗಿಯಲು ಒಂದು ವರ್ಷವೂ ಇರಲಿಲ್ಲ. 1902ರ ಮಾರ್ಚ್ 10ರ ಬೆಳಿಗ್ಗೆ ಓಕಾನರ್ ಕುದುರೆ ಏರಿ ಫ್ರೀಮ್ಯಾಂಟಲ್ ಬಳಿಯ ಸಮುದ್ರತೀರಕ್ಕೆ ಹೋಗಿ ತಮ್ಮ ಜೀವ ತೆಗೆದುಕೊಂಡರು. ಬರೆದಿಟ್ಟ ಚೀಟಿಯಲ್ಲಿ ಯೋಜನೆ ಸರಿಯಾಗಿದೆ ಅಂತ ಹೇಳಿದ್ದರು. ಅದರ ಕೊನೆಗೆ ಅಣೆಕಟ್ಟಿನ ರೆಕ್ಕೆಗೋಡೆಗಳನ್ನು ತಕ್ಷಣ ಕಟ್ಟಿಸಿ ಅಂತ ಒಂದು ಸೂಚನೆಯೂ ಇತ್ತು. ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮುಂದೆ ಓದಲಾಗದೆ ಕೂತಿದ್ದೆ.

1903ರ ಜನವರಿ 24ರಂದು ಕೂಲ್‌ಗಾರ್ಡಿಯಲ್ಲೂ, 40 ಕಿಲೋಮೀಟರ್ ಆಚೆಯ ಕಾಲ್‌ಗೂರ್ಲಿಯಲ್ಲೂ ಪೈಪಿನ ನೀರಿನ ಉದ್ಘಾಟನೆ ನಡೆಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1902ರ ಜೂನ್‌ನಲ್ಲಿ, ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿಯ ಮೇಲೆ ಕೆಜಿಎಫ್‌ಗೆ ವಿದ್ಯುತ್ ಬಂದಿತ್ತು. ಎರಡು ಚಿನ್ನದ ಸೀಮೆಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ದೂರದ ನದಿಗೆ ಕೈ ಚಾಚಿದ್ದವು.

ಆದರೆ ಕೂಲ್‌ಗಾರ್ಡಿಯ ಕಾಲ ಆಗಲೇ ಇಳಿದಿತ್ತು. ಮೇಲುಪದರ ಶ್ರೀಮಂತ ಅಂದೆನಲ್ಲ, ಅದನ್ನೇ ನಂಬಿ ಲಂಡನ್ನಿನಲ್ಲಿ ಶೇರುಗಳು ಹಾರಿದ್ದವು. 1894ರಲ್ಲಿ ಹತ್ತಿರದ ಲಂಡನ್‌ಡೆರಿ ಗಣಿಯ ಒಂದು ಗುಂಡಿಯಲ್ಲಿ ಕಣ್ಣು ಕುಕ್ಕುವಷ್ಟು ಚಿನ್ನ ಕಂಡಿತು. ಅದಕ್ಕೆ ಮುದ್ರೆ ಹಾಕಿ ಮುಚ್ಚಿ, 7 ಲಕ್ಷ ಪೌಂಡ್ ಬಂಡವಾಳದ ಕಂಪನಿ ತೆರೆದರು. ಮುಂದಿನ ವರ್ಷ ಗುಂಡಿ ತೆಗೆದು ಅಗೆದರೆ ಕೆಳಗೆ ಹೆಚ್ಚೇನೂ ಇರಲಿಲ್ಲ. ಕೂಲ್‌ಗಾರ್ಡಿಯ ಅನೇಕ ಗಣಿಗಳ ಕಥೆ ಇಷ್ಟೇ. ಕಾಲ್‌ಗೂರ್ಲಿಯಲ್ಲಿ 1893ರಲ್ಲಿ ಪ್ಯಾಡಿ ಹ್ಯಾನನ್ ಮತ್ತು ಜೊತೆಗಾರರು ಕಂಡ ಚಿನ್ನದ ಸೀಮೆ ಮಾತ್ರ ಆಳದವರೆಗೂ ಇಳಿದಿತ್ತು. ಅಲ್ಲಿನ ‘ಗೋಲ್ಡನ್ ಮೈಲ್’ನಲ್ಲಿ ಇವತ್ತಿಗೂ ಗಣಿಗಾರಿಕೆ ನಡೆಯುತ್ತಿದೆ. ಜನ ಅಲ್ಲಿಗೆ ಸರಿದರು. ಕೂಲ್‌ಗಾರ್ಡಿ ಹೆಸರಿನ ಸಂಸತ್ ಕ್ಷೇತ್ರವೂ 1913ರಲ್ಲಿ ರದ್ದಾಯಿತು. ಯೋಜನೆಗೆ ಇಟ್ಟ ಹೆಸರು ಕೂಲ್‌ಗಾರ್ಡಿಯದು, ಅದರ ಹೆಚ್ಚಿನ ನೀರು ಕುಡಿದದ್ದು ಕಾಲ್‌ಗೂರ್ಲಿ.

ಪೈಪು ಇವತ್ತಿಗೂ ಕೆಲಸ ಮಾಡುತ್ತಿದೆ. ಉಗಿ ಪಂಪುಗಳು ಹೋಗಿ ವಿದ್ಯುತ್ ಪಂಪುಗಳು ಬಂದಿವೆ. ದಾರಿಯ ಊರುಗಳೂ ಹೊಲಮನೆಗಳೂ ಸೇರಿ ಲಕ್ಷಕ್ಕೂ ಹೆಚ್ಚು ಜನರಿಗೆ ನೀರು ಸಿಗುತ್ತಿದೆ. ಆದರೆ 1970ರ ದಶಕದಿಂದ ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ ಚಳಿಗಾಲದ ಮಳೆ ಕಡಿಮೆಯಾಗುತ್ತಾ ಬಂದಿದೆ. ಆ ತಂಪು ಗಾಳಿಯ ಅಲೆಗಳು ದಕ್ಷಿಣಕ್ಕೆ ಸರಿಯುತ್ತಿವೆ. ಅಣೆಕಟ್ಟಿಗೆ ಹರಿದು ಬರುವ ನೀರು ಇನ್ನೂ ವೇಗವಾಗಿ ಕುಗ್ಗಿದೆ, ಯಾಕೆಂದರೆ ಒಣಗಿದ ಮಣ್ಣು ಮೊದಲು ತಾನು ಕುಡಿದು ಆಮೇಲೆ ಹೊಳೆಗೆ ಬಿಡುತ್ತದೆ. ಹಾಗಾಗಿ ಪರ್ತ್ 2006ರಿಂದ ಸಮುದ್ರದ ನೀರಿನ ಉಪ್ಪು ತೆಗೆದು ಬಳಸುತ್ತಿದೆ. ಆ ನೀರೂ ಅದೇ ಜಾಲಕ್ಕೆ ಸೇರಿ ಮಂಡೇರಿಂಗ್ ಅಣೆಕಟ್ಟಿಗೆ ಹೋಗುತ್ತದೆ, ಅಲ್ಲಿಂದ ಪೈಪು ಹತ್ತುತ್ತದೆ. ಕೂಲ್‌ಗಾರ್ಡಿಯಲ್ಲಿ ಇವತ್ತು ನಲ್ಲಿ ತಿರುಗಿಸಿದರೆ ಬರುವ ನೀರಿನಲ್ಲಿ ಉಪ್ಪು ತೆಗೆದ ಸಮುದ್ರದ ನೀರೂ ಬೆರೆತಿರಬಹುದು.